ಹೊಗೆ ಬಿಡದ ಹನ್ನೊಂದನೇ ನಂಬರು

ನಮ್ಮ ಊರಿನ ಸಾರಿಗೆ ಡಿಪೋದ ಹನ್ನೊಂದನೇ ನಂಬರಿನ ಬಸ್ಸು ಎಂಟು ತಿಂಗಳಿಂದ ಎಂಜಿನ್ ಇಲ್ಲದೆ, ಯಾರ ದೂರಿಗೂ ಎಡೆಕೊಡದೆ, ಸುಸೂತ್ರವಾಗಿ ಓಡುತ್ತಿದೆ. ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ನಾನು ಮೂವತ್ತು ವರ್ಷದಿಂದ ಲಾರಿ, ಬಸ್ಸುಗಳ ಡೀಸೆಲ್ ಎಂಜಿನ್ ಮಾರುವವನು. ಎಂಜಿನ್ ಇದ್ದೂ ಓಡದ ಬಸ್ಸುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆ ಬಸ್ಸು ಕಪ್ಪು ಹೊಗೆ ಬಿಡತೊಡಗಿದಾಗ ಹೆಡ್ ಮೆಕ್ಯಾನಿಕ್ ಚೈನು ಹಾಕಿ ಎಂಜಿನ್ ಇಳಿಸಿ, ಪಿಸ್ಟನ್‌ಗಳನ್ನು ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಇಟ್ಟ. ಆರಕ್ಕೆ ಆರೂ ಸವೆದಿದ್ದವು. ಹೊಸ ಎಂಜಿನ್ ಬೇಕೆಂದು ನನಗೆ ಹೇಳಿಕಳಿಸಿದರು. ನಾನು ಪೆಟ್ಟಿಗೆ ಸಮೇತ ಎಂಜಿನ್ ಹೇರಿಕೊಂಡು ಡಿಪೋ ಮುಟ್ಟುವಷ್ಟರಲ್ಲಿ ಕೇಂದ್ರ ಕಚೇರಿಯ ಸುತ್ತೋಲೆ ನನಗಿಂತ ಮೊದಲೇ ಮುಟ್ಟಿತ್ತು.

"ಮೂರು ತಿಂಗಳ ಅವಧಿಯಲ್ಲಿ ಯಾವ ಬಸ್ಸು ಅತಿ ಕಡಿಮೆ ಹೊಗೆ ಬಿಟ್ಟು, ಅತಿ ಕಡಿಮೆ ಡೀಸೆಲ್ ಬಳಸಿ, ಎಂಜಿನ್ ಕೆಟ್ಟು ಒಮ್ಮೆಯೂ ದಾರಿಯಲ್ಲಿ ನಿಲ್ಲದೆ ಇರುವುದೋ, ಅದರ ಚಾಲಕನು ಹಂಗಾಮಿಯಾಗಿದ್ದಲ್ಲಿ ಅವನನ್ನು ಖಾಯಂ ಮಾಡತಕ್ಕದ್ದು. ನಲವತ್ತೈದು ತುಂಬಿದವರು ಅನರ್ಹರು."

ಹನ್ನೊಂದನೇ ನಂಬರಿನ ಚಾಲಕ ನನ್ನ ಹೆಂಡತಿಯ ತಮ್ಮ. ಹದಿನಾಲ್ಕು ವರ್ಷದಿಂದ ಹಂಗಾಮಿ. ಅವನಿಗೆ ನಲವತ್ತೈದು ತುಂಬಲು ಮೂರು ತಿಂಗಳ ಮೇಲೆ ಎರಡು ದಿನ ಬಾಕಿ ಇತ್ತು.

ಡಿಪೋ ಮ್ಯಾನೇಜರು ಸುತ್ತೋಲೆಯ ಜೊತೆ ಬಂದ ಫಾರಮ್ಮನ್ನು ಹನ್ನೊಂದರ ಹೆಸರಿಗೆ ತುಂಬಿಸಿ ನೋಡುತ್ತಿದ್ದರು. ಹೊಗೆ, ಇಲ್ಲ. ಡೀಸೆಲ್, ಇಲ್ಲ. ಎಂಜಿನ್ ಕೆಟ್ಟದ್ದು, ಇಲ್ಲ.

"ಇಷ್ಟು ಒಳ್ಳೇ ಬಸ್ಸು ನಮ್ಮಲ್ಲಿದೆ ಅಂತ ನನಗೇ ಗೊತ್ತಿರ್ಲಿಲ್ಲ," ಎಂದರು.

"ಸಾರ್, ಅದಕ್ಕೆ ಎಂಜಿನ್ನೇ ಇಲ್ಲ," ಎಂದ ಮೆಕ್ಯಾನಿಕ್.

"ಎಂಜಿನ್ ಇದೆಯಾ ಅಂತ ಫಾರಮ್ಮಲ್ಲಿ ಕೇಳಿದಾರೇನಯ್ಯ?"

ಮೆಕ್ಯಾನಿಕ್ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕೇಳಿರಲಿಲ್ಲ. ಆದರೆ ಓಡಿದ ದೂರ ಕೇಳಿದ್ದರು. ಕನಿಷ್ಠ ಆರು ಸಾವಿರ ಕಿಲೋಮೀಟರ್.

ಭಾವಮೈದುನ ನನ್ನನ್ನು ಪೆಟ್ಟಿಗೆಯ ಮರೆಗೆ ಕರೆದ. "ಭಾವ, ನಿಮ್ಮ ಎಂಜಿನ್ ವಾಪಸ್ ತಗೊಂಡು ಹೋಗಿ."

"ಹೊಸ ಎಂಜಿನ್ ಕಣಯ್ಯ. ಹೊಗೆ ಅಷ್ಟಾಗಿ ಬರಲ್ಲ."

"ಅಷ್ಟಾಗಿ ಅಂದ್ರೆ? ಎಂಜಿನ್ ಇಲ್ದಿರೋ ಬಸ್ಸಿಗಿಂತ ಕಡಿಮೆ ಬಿಡುತ್ತಾ?"

ಮೂವತ್ತು ವರ್ಷದಲ್ಲಿ ನನ್ನ ಸರಕಿನ ಬಗ್ಗೆ ಯಾರೂ ಇಷ್ಟು ನ್ಯಾಯವಾದ ಪ್ರಶ್ನೆ ಕೇಳಿರಲಿಲ್ಲ. ಮನೆಯಲ್ಲಿ ಹೆಂಡತಿ, "ಮಾರೋದಾದ್ರೆ ಮಾರಿ. ನನ್ನ ತಮ್ಮ ನಿಮ್ಮ ಅಂಗಡೀಲೇ ಬಂದು ಕೂತ್ಕೋತಾನೆ, ಜೀವಮಾನವಿಡೀ," ಎಂದಳು. ಮರುದಿನ ಬೆಳಿಗ್ಗೆಯೇ ಎಂಜಿನ್ ವಾಪಸ್ ತಂದೆ.

ದೂರದ ಸಮಸ್ಯೆಯನ್ನು ಮೆಕ್ಯಾನಿಕ್ ಬಗೆಹರಿಸಿದ. ಕಿಲೋಮೀಟರ್ ಮೀಟರು ಗೇರ್‌ಬಾಕ್ಸಿಗೆ ಸೇರಿದ್ದು, ಎಂಜಿನ್ನಿಗಲ್ಲ. ಚಕ್ರ ಉರುಳಿದರೆ ಅದೂ ಉರುಳುತ್ತದೆ. ಹನ್ನೆರಡನೇ ನಂಬರಿನ ಹಿಂದಕ್ಕೆ ಕಬ್ಬಿಣದ ತೊಲೆ ಕೊಟ್ಟು ಹನ್ನೊಂದನ್ನು ಕಟ್ಟಿದರು. ಬ್ರೇಕಿನ ಗಾಳಿಗೂ ಅಲ್ಲಿಂದಲೇ ಪೈಪು ಎಳೆದರು. ಭಾವಮೈದುನ ಸ್ಟೀರಿಂಗ್ ತಿರುಗಿಸುತ್ತ, ಹಾರನ್ ಹೊಡೆಯುತ್ತ ಕೂತ.

ಜನಕ್ಕೆ ಹನ್ನೊಂದೇ ಹಿಡಿಸಿತು. ಸದ್ದಿಲ್ಲ, ಸೀಟಿನ ಕೆಳಗೆ ನಡುಕವಿಲ್ಲ. "ಮಗು ಮಲಗಿದೆ, ಹಿಂದಿನ ಬಸ್ಸಿಗೇ ಹತ್ತೋಣ," ಎಂದು ತಾಯಂದಿರು ಕಾದು ಹತ್ತುತ್ತಿದ್ದರು. ಇತ್ತ ಹನ್ನೆರಡು ಎರಡು ಬಸ್ಸಿನ ಭಾರ ಎಳೆದು ದುಪ್ಪಟ್ಟು ಡೀಸೆಲ್ ಕುಡಿದು, ಇಟ್ಟಿಗೆ ಭಟ್ಟಿಯಂತೆ ಹೊಗೆ ಕಾರಿತು. ಅದರ ಚಾಲಕನಿಗೆ ನೋಟಿಸ್ ಬಂತು: "ಹಿಂದಿನ ಬಸ್ಸನ್ನು ನೋಡಿ ಕಲಿಯತಕ್ಕದ್ದು."

"ಸಾರ್, ಅದನ್ನ ಎಳೀತಿರೋನೇ ನಾನು," ಎಂದು ಅವನು ಮ್ಯಾನೇಜರಿಗೆ ಹೇಳಿಕೊಂಡ.

"ಬೇರೆಯವರ ವಿಷಯ ನಿನಗ್ಯಾಕೆ? ನಿನ್ನ ಹೊಗೆ ಬಗ್ಗೆ ಮಾತಾಡು."

ಎಂಬತ್ತನೇ ದಿನ ಹನ್ನೆರಡರ ಎಂಜಿನ್ ಕೈಕೊಟ್ಟಿತು. ಮೆಕ್ಯಾನಿಕ್ ಅದನ್ನೂ ಇಳಿಸಿದ. ಹನ್ನೊಂದಕ್ಕೆ ಇನ್ನೂ ಎಪ್ಪತ್ತು ಕಿಲೋಮೀಟರ್ ಕಮ್ಮಿ ಇತ್ತು. ಉಳಿದ ಬಸ್ಸುಗಳ ಚಾಲಕರು ತೊಲೆ ಕಂಡರೆ ದೂರ ಸರಿಯುತ್ತಿದ್ದರು. ಭಾವಮೈದುನ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ನಿಲ್ದಾಣದಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಟಿಕೆಟ್ ಪಡೆದ ಪ್ರಯಾಣಿಕರು ಬಸ್ಸನ್ನು ತಳ್ಳತಕ್ಕದ್ದು. ಟಿಕೆಟ್ ಪಡೆಯದೆ ತಳ್ಳುವುದು ಅಪರಾಧ. ಅರವತ್ತು ದಾಟಿದವರಿಗೆ ತಳ್ಳುವುದರಿಂದ ವಿನಾಯಿತಿ ಇದೆ. ಅವರು ಬಸ್ಸಿನ ಹಿಂದೆ ನಡೆದು ಬಂದರೆ ಸಾಕು."

ಜನ ತಳ್ಳಿದರು. ನಾನೂ ಟಿಕೆಟ್ ತೆಗೆಸಿಕೊಂಡು ತಳ್ಳಿದೆ. ಬ್ರೇಕಿನ ಗಾಳಿಯನ್ನು ಟೈರ್ ಅಂಗಡಿಯಲ್ಲಿ ತುಂಬಿಸಿದೆವು. ತೊಂಬತ್ತನೇ ದಿನ ಸಂಜೆ ಮೀಟರಿನ ಲೆಕ್ಕದಲ್ಲಿ ಆರು ಸಾವಿರ ತುಂಬಿತು. ಹುಟ್ಟುಹಬ್ಬದ ಹಿಂದಿನ ದಿನ ಭಾವಮೈದುನ ಖಾಯಂ ಆದ.

ಆದೇಶದ ಕೊನೆಗೊಂದು ಷರತ್ತಿತ್ತು. ಬಸ್ಸು ಇದೇ ಸುಸ್ಥಿತಿಯಲ್ಲಿರುವ ತನಕ ಮಾತ್ರ ನೇಮಕಾತಿ ಊರ್ಜಿತ. ಇದನ್ನು ಮೂರು ತಿಂಗಳಿಗೊಮ್ಮೆ ಡಿಪೋದ ಹೊರಗಿನ ಎಂಜಿನ್ ಬಲ್ಲವರು ಪರೀಕ್ಷಿಸಿ ದೃಢೀಕರಿಸಬೇಕು. ಊರಲ್ಲಿ ಎಂಜಿನ್ ಬಲ್ಲವನು ನಾನೇ. ಬಾನೆಟ್ ಎತ್ತಿ, ಟಾರ್ಚು ಬಿಟ್ಟು, ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಸಹಿ ಹಾಕುತ್ತೇನೆ. ಈಗ ಉಳಿದ ಹಂಗಾಮಿ ಚಾಲಕರೂ ತಮ್ಮ ತಮ್ಮ ಎಂಜಿನ್ ಇಳಿಸಿಕೊಂಡು ನನ್ನ ಸಹಿಗೆ ಸಾಲು ನಿಲ್ಲುತ್ತಾರೆ. ಅಂಗಡಿಯಲ್ಲಿ ಎಂಜಿನ್ ಇಡುವುದನ್ನು ಬಿಟ್ಟಿದ್ದೇನೆ. ಕೈಗವಸು ಚೆನ್ನಾಗಿ ಹೋಗುತ್ತದೆ.

ಮೊನ್ನೆ ಪರವೂರಿನವನೊಬ್ಬ ನಾಲ್ಕು ಹೆಜ್ಜೆ ತಳ್ಳಿ ನಿಂತು, "ಇದಕ್ಕೊಂದು ಎಂಜಿನ್ ಹಾಕಿಸಬಾರದೇ?" ಎಂದು ಕೇಳಿದ.

ಪಕ್ಕದಲ್ಲಿ ತಳ್ಳುತ್ತಿದ್ದ ಮೇಷ್ಟ್ರು ಅವನನ್ನು ಕನಿಕರದಿಂದ ನೋಡಿದರು.

"ಎಂಜಿನ್ ಅಂದ್ಮೇಲೆ ಕೆಡುತ್ತಪ್ಪ," ಎಂದರು. "ಆಮೇಲೆ ನಾವೆಲ್ಲ ಇಳಿದು ತಳ್ಳಬೇಕಾಗುತ್ತೆ."