ಮುತ್ತಾತನನ್ನು ಹುಡುಕುವ ಹುಚ್ಚು

ಕೆಲವರು ಭಾನುವಾರ ಸೈಕಲ್ ತುಳಿಯುತ್ತಾರೆ, ಕೆಲವರು ಬಾಲ್ಕನಿಯಲ್ಲಿ ಕರಿಬೇವು ಬೆಳೆಸುತ್ತಾರೆ. ನಾನು ಸತ್ತವರ ಹಿಂದೆ ಬಿದ್ದಿದ್ದೇನೆ. ಸಿಂಗಾಪುರದ ಪುಂಗೋಲ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ಮೈಸೂರು ಸೀಮೆಯ ನಮ್ಮ ಹಿರೀಕರ ವಂಶಾವಳಿ ಜೋಡಿಸುವುದು ನನ್ನ ಹವ್ಯಾಸ. ಸತ್ತವರಿಂದ ಇದುವರೆಗೆ ನನಗೆ ಯಾವ ತೊಂದರೆಯೂ ಆಗಿಲ್ಲ. ಆಗಿರುವುದೆಲ್ಲ ಬದುಕಿರುವವರಿಂದಲೇ.

ಶಿವ ಕುಡಿದದ್ದು

ನನ್ನ ಮುತ್ತಜ್ಜಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಊರೆಲ್ಲ ಆಕೆಯನ್ನು 'ದೊಡ್ಡಮ್ಮ' ಅಂತಲೇ ಕರೆಯುತ್ತಿತ್ತಂತೆ. ಗೊತ್ತಿದ್ದದ್ದು ಆಕೆಯ ಸೊಸೆಗೆ, ಅಂದರೆ ನಮ್ಮಜ್ಜಿಗೆ ಮಾತ್ರ. ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಕೇಳಿದೆ.

"ಅತ್ತೆ ಹೆಸರು ಬಾಯಲ್ಲಿ ಹೇಳಬಾರದು ಕಣೋ," ಅಂದರು ಅಜ್ಜಿ. "ಸುಳಿವು ಕೊಡ್ತೀನಿ, ನೀನೇ ಹೇಳು. ಸಮುದ್ರ ಕಡೆದಾಗ ಬಂತಲ್ಲ, ಅದು."

"ಲಕ್ಷ್ಮಮ್ಮ?"

"ಅಲ್ಲ."

"ಅಮೃತಮ್ಮ?"

"ಅಲ್ವೋ. ಶಿವ ಕುಡಿದನಲ್ಲ!"

"ವಿಷ?"

"ವಿಷಮ್ಮ ಅಂತ ಯಾರಾದ್ರೂ ಹೆಸರಿಡ್ತಾರೇನೋ? ಬ್ಯಾಂಕಲ್ಲಿ ನಿನ್ನ ಹೇಗೆ ಇಟ್ಕೊಂಡಿದ್ದಾರೆ?" ಅಂತ ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು. ಅಜ್ಜಿಯದೇ ದನಿ, ಸ್ಪಷ್ಟವಾಗಿ: "ನಂಜಮ್ಮ."

ತಕ್ಷಣ ಕಾಲ್ ಮಾಡಿದೆ. "ಅಜ್ಜಿ, ಬಾಯಲ್ಲೇ ಹೇಳಿಬಿಟ್ರಲ್ಲ!"

"ನಿಂಗೆಲ್ಲಿ ಹೇಳಿದೆ? ಫೋನಿಗೆ ಹೇಳಿದೆ!"

ಸರ್ಕಲ್ ಲೈನ್

ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ರಂಗಯ್ಯನ ಮಗ ತಿಮ್ಮಯ್ಯ, ತಿಮ್ಮಯ್ಯನ ಮಗ ರಂಗಯ್ಯ, ಅವನ ಮಗ ಮತ್ತೆ ತಿಮ್ಮಯ್ಯ. ಇಷ್ಟನ್ನೂ ಒಂದು ಆ್ಯಪ್‌ಗೆ ತುಂಬಿದೆ. ಬೆಳಿಗ್ಗೆ ರಾಫೆಲ್ಸ್ ಪ್ಲೇಸ್‌ನ ನಮ್ಮ ಬ್ಯಾಂಕಿಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ ಆ್ಯಪ್ ಕೇಳಿತು: "ಇವರಿಬ್ಬರೂ ಒಬ್ಬರೇ ಇರಬಹುದು. ಸೇರಿಸಲೇ?" ಯಾರೋ ಬೆನ್ನಿಗೆ ಬ್ಯಾಗ್ ಒತ್ತಿದರು, ನನ್ನ ಬೆರಳು 'ಹೌದು' ಒತ್ತಿತು.

ಸಂಜೆ ನೋಡಿದರೆ ರಂಗಯ್ಯ ತನಗೆ ತಾನೇ ಮೊಮ್ಮಗನಾಗಿ ಕೂತಿದ್ದಾರೆ. ಎಲ್ಲಿಂದ ಹೊರಟರೂ ಅವರ ಹತ್ತಿರವೇ ಬಂದು ನಿಲ್ಲುತ್ತೇವೆ. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ತನ್ನ ಸಿಂಗಾಪುರದ ಧಾಟಿಯಲ್ಲಿ ಅಂದಳು: "ಪಪ್ಪಾ, ಇದು ಫ್ಯಾಮಿಲಿ ಟ್ರೀ ಅಲ್ಲ. ಎಂಆರ್‌ಟಿ ಸರ್ಕಲ್ ಲೈನ್ ಲಾ!"

ಎಂಜಲು ಪರೀಕ್ಷೆ

ಹುಚ್ಚು ಇನ್ನೂ ಏರಿ, ನಾನೂ ಹೆಂಡತಿಯೂ ಡಿಎನ್‌ಎ ಪರೀಕ್ಷೆಗೆ ಎಂಜಲು ಕಳಿಸಿದೆವು. ರಿಪೋರ್ಟ್ ಬಂತು. ನನ್ನ ದೂರದ ಸಂಬಂಧಿಕರಲ್ಲಿ ಮೊದಲ ಹೆಸರೇ ಅವಳದು. ನನಗೆ ಗಾಬರಿ. ಅವಳು ಮಾತ್ರ ಆರಾಮಾಗಿ ಚಹಾ ಹೀರುತ್ತಾ ಕೇಳಿದಳು.

"ಅಂದ್ರೆ ನಾನು ಹುಟ್ಟಿನಿಂದಲೇ ನಿಮಗೆ ನೆಂಟಳಾ?"

"ಹಾಗನ್ನಿಸುತ್ತೆ."

"ಛೇ! ಹಾಗಿದ್ರೆ ಮದುವೆ ಆಗದೇನೇ ನಿಮ್ಮನೆಗೆ ಬಂದು ಹಬ್ಬದೂಟ ಮುಗಿಸ್ಕೊಂಡು ಹೋಗಬಹುದಿತ್ತಲ್ರೀ!"

ಸಿಂಗಾಪುರಕ್ಕೆ ಹೋದವರು

ಒಮ್ಮೆ ಮೈಸೂರಿನ ದೊಡ್ಡಪ್ಪ ಮಾತಿನ ನಡುವೆ ಹೇಳಿದರು: "ನಿನ್ನ ಮುತ್ತಾತನ ತಮ್ಮ ಒಬ್ಬರಿದ್ರು, ಸುಬ್ಬಣ್ಣ ಅಂತ. ಅಣ್ಣನ ಜೊತೆ ಜಗಳ ಆಡ್ಕೊಂಡು ಸಿಂಗಾಪುರಕ್ಕೆ ಹೋಗಿಬಿಟ್ರು."

ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಓಡಾಡುತ್ತಿದ್ದ ಊರಿನಲ್ಲೇ ನಮ್ಮ ರಕ್ತ! ಸಿಕ್ಕ ಕನ್ನಡದವರನ್ನೆಲ್ಲ ವಿಚಾರಿಸಿದೆ. ಕೊನೆಗೆ ಒಂದು ಗಣೇಶನ ಹಬ್ಬದ ಊಟದಲ್ಲಿ ವುಡ್‌ಲ್ಯಾಂಡ್ಸ್ ಬಡಾವಣೆಯ ಅಂಕಲ್ ಒಬ್ಬರು ಸಿಕ್ಕರು. ಇಲ್ಲೇ ಹುಟ್ಟಿ ಬೆಳೆದವರು. ಅವರ ತಾತನೂ ಮೈಸೂರು ಕಡೆಯಿಂದ ಅಣ್ಣನ ಮೇಲೆ ಮುನಿಸಿಕೊಂಡು ಹಡಗು ಹತ್ತಿದವರಂತೆ. ಹೆಸರು? ಸುಬ್ಬಣ್ಣ!

ಅಂಕಲ್ ಅಲ್ಲೇ ಎಲೆ ಮುಂದೆಯೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅವರಿಗೆ ತಮ್ಮ ಕಡೆಯವರು ಅಂತ ಒಬ್ಬರೂ ಇರಲಿಲ್ಲ. ಅವತ್ತಿನಿಂದ ಅಂಕಲ್ ಚಿಕ್ಕಪ್ಪ ಆದರು, ಹಾಸನದಿಂದ ಮದುವೆಯಾಗಿ ಬಂದ ಅವರ ಹೆಂಡತಿ ಚಿಕ್ಕಮ್ಮ ಆದರು. ವಾರ ತಪ್ಪಿದರೂ ವುಡ್‌ಲ್ಯಾಂಡ್ಸ್‌ನ ಅವರ ಮನೆಯ ಊಟ ತಪ್ಪಲಿಲ್ಲ. ನಮ್ಮಿಬ್ಬರ ಕಿವಿ ಒಂದೇ ಥರ ಅಂತ ಚಿಕ್ಕಮ್ಮನೇ ತೀರ್ಪು ಕೊಟ್ಟರು.

ದೊಡ್ಡಪ್ಪನಿಗೆ ಫೋನ್ ಮಾಡಿ ಗೆಲುವಿನಿಂದ ಹೇಳಿದೆ: "ಸುಬ್ಬಣ್ಣನವರ ಮೊಮ್ಮಗ ಸಿಕ್ಕಿಬಿಟ್ರು!"

"ಅವನು ಕಳೆದುಹೋಗಿದ್ದು ಯಾವಾಗ?" ಅಂದರು ದೊಡ್ಡಪ್ಪ. "ಮೊನ್ನೆ ತಾನೆ ಮಗಳ ಮದುವೆಗೆ ಕರೆಯೋಕೆ ಬಂದಿದ್ದ."

"ಸಿಂಗಾಪುರದಿಂದ?"

"ಹೂಂ. ಬೆಂಗಳೂರಲ್ಲಿ ಜಾಲಹಳ್ಳಿ ದಾಟಿದ್ರೆ ಸಿಗುತ್ತಲ್ಲ, ಆ ಸಿಂಗಾಪುರ. ನೀನು ಯಾವುದು ಅಂದ್ಕೊಂಡೆ?"

ಆ ವಾರವೂ ವುಡ್‌ಲ್ಯಾಂಡ್ಸ್‌ಗೆ ಹೋದೆ. ಅತ್ತು ತಬ್ಬಿಕೊಂಡ ಮನುಷ್ಯನಿಗೆ ಹೇಗೆ ಹೇಳುವುದು? ಚಿಕ್ಕಮ್ಮ ಒಳಗೆ ಅಂಬೊಡೆ ಕರಿಯುತ್ತಿದ್ದರು. ಚಿಕ್ಕಪ್ಪನನ್ನು ಲಿಫ್ಟ್ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ.

ಅವರ ಮುಖ ಒಂದು ಕ್ಷಣ ಪೆಚ್ಚಾಯಿತು. ಆಮೇಲೆ ಬಾಗಿಲ ಕಡೆ ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಮೆಲ್ಲಗೆ ಮಾತಾಡಪ್ಪ. ಅವಳ ಕಡೆಯವರು ಬಸ್ಸುಗಟ್ಟಲೆ ಇದ್ದಾರೆ. 'ನಿಮ್ಮ ಕಡೆ ನೆಟ್ಟಗಿರೋ ನೆಂಟ ಒಬ್ಬನನ್ನ ತೋರಿಸಿ' ಅಂತ ಮದುವೆಯಾದಾಗಿನಿಂದ ಹಂಗಿಸ್ತಿದ್ಲು. ನೀನು ಬಂದ ಮೇಲೇ ಬಾಯಿ ಮುಚ್ಚಿರೋದು. ಈಗ ನೀನೂ ಅಲ್ಲ ಅಂದ್ಬಿಟ್ರೆ ನಾನು ಈ ಮನೇಲಿ ಬದುಕೋದು ಹೇಗೆ?"

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮನ ದನಿ ಬಂತು: "ಏನ್ರೀ ಅದು, ಇಬ್ರೂ ಹೊರಗೆ ಗುಸುಗುಸು?"

ಚಿಕ್ಕಪ್ಪ ಎದೆ ಸೆಟೆದು ಕೂಗಿದರು: "ಏನಿಲ್ವೇ, ನಮ್ಮ ಮನೆತನದ ವಿಷಯ. ನೀನು ಹೊರಗಿನವಳು, ನಿಂಗೆ ಅರ್ಥ ಆಗಲ್ಲ!"