ಸೋಯಾ ಹೊಲದ ಹುಳ ಮತ್ತ ನಮ್ಮ ಅಣ್ಣಾ

ಹುಳ ಕೊಲ್ಲೋ ನೌಕರಿ ಹಿಡಿದವನಿಗೆ ಹುಳಾನ್ನ ಜ್ವಾಪಾನ ಮಾಡೋ ರೈತನ ಗಂಟು ಬೀಳಬೇಕೇನ್ರಿ? ನನ್ನ ಹಣೇಬರಹ ನೋಡ್ರಿ, ಅದ ಆತು. ಆವಾಗಿನ್ನೂ ಸಾಂಗ್ಲಿ ಸಂಸ್ಥಾನ ಇತ್ತು. ಒಕ್ಕಲುತನದ ಖಾತೆಯೊಳಗ ನಾನು ಹಂಗಾಮಿ ಕಾಮದಾರ, ಹೊಲಾ ತಿರುಗಿ ಬೆಳಿ ನೋಡೋ ಸಣ್ಣ ನೌಕರ. ಹರಿಪುರದ ಕಡೆ ಒಂದು ಹೊಲದಾಗ ಸೋಯಾ ಅನ್ನೋ ಹೊಸ ಕಾಳು ಬಿತ್ತಿಸಿದ್ರು. "ಸಾಹೇಬರು ನೋಡಾಕ ಬರೋಮಟ ಇದರ ಎಲಿ ಉಳಿಸು. ಉಳಿದ್ರ ನೌಕರಿ ಕಾಯಂ, ಇಲ್ಲಾಂದ್ರ ಮನೀಗೆ ಹೋಗು" ಅಂತ ನನಗ ಹುಕುಂ. ಮನಿಯೊಳಗ ಹೆಂಡತಿ ಬಸುರಿ. ಅಕಿ ಮಾರೀಗಿಂತ ಆ ಎಲಿಗೋಳ ಮಾರಿನ ನಾನು ಹೆಚ್ಚು ನೋಡತಿದ್ದೆ.

ಹೊಲದ ಮಾಲೀಕರು ಒಬ್ಬ ವಯಸ್ಸಾದ ಜೈನ ರೈತರು. ಊರೆಲ್ಲ ಅವರಿಗೆ ಅಣ್ಣಾ ಅಂತಿತ್ತು. ಇರಿವಿ ಕಂಡ್ರೂ ಸುತ್ತು ಹೊಡೆದು ನಡಿಯೋ ಬಂಗಾರದಂಥಾ ಮನಷ್ಯಾ. ನನಗ ತ್ರಾಸಾಗಿದ್ದು ಅದ.

ಬೇಯದ ಕಾಳು

ಬಿತ್ತಿ ಉಳಿದಿದ್ದ ಕಾಳನ್ನ ಅಣ್ಣಾರ ಮನಿಯಾಕಿ, ನಾವು ಕಾಕೂ ಅಂತಿದ್ವಿ, ಒಂದಿನ ಒಲಿಮ್ಯಾಲೆ ಇಟ್ಟರು. ಸಂಜಿ ಆತು, ಕಟಿಗಿ ತೀರಿದುವು, ಕಾಳು ಮಾತ್ರ ಬಗ್ಗಲಿಲ್ಲ. ನಾನು ಅದ ಹೊತ್ತಿಗೆ ಹೊಲದಿಂದ ಓಡಿಬಂದೆ.

"ಕಾಕೂ, ಎಲಿ ತುಂಬ ಹುಳ ಬಿದ್ದಾವ್ರಿ!"

"ಬೀಳಲಿ ಬಿಡೋ ತಮ್ಮಾ," ಅಂದ್ರು ಕಾಕೂ, ಹೊಗಿಗೆ ಕಣ್ಣು ಒರಸಿಕೋತ. "ಈ ಹಾಳಾದ್ದನ್ನ ಯಾರರೆ ಒಬ್ಬರು ತಿನ್ನಬೇಕಲ್ಲ!"

ಕಂದೀಲ

ಹುಳ ಹುಟ್ಟೋದು ಪತಂಗದಿಂದ. ಹೊತ್ತು ಮುಣುಗಿದ ಮ್ಯಾಲೆ ಹೊಲದಾಗ ಕಂದೀಲ ಹಚ್ಚಿ, ಕೆಳಗ ಚಿಮಣಿ ಎಣ್ಣಿ ಬೆರಿಸಿದ ನೀರಿನ ಪರಾತ ಇಟ್ರ, ಪತಂಗ ಬೆಳಕಿಗೆ ಬಂದು ಅದರಾಗ ಬಿದ್ದು ಸಾಯತಾವು. ಖಾತೆಯೊಳಗ ಹಂಗ ಕಲಿಸಿದ್ರು. ಆದ್ರ ಅಣ್ಣಾರದು ದೀಪಕ್ಕ ಹುಳ ಬಿದ್ದು ಸತ್ತಾವು ಅಂತ ಹೊತ್ತು ಮುಣುಗೋದರೊಳಗ ಉಣ್ಣೋ ಮನಿತನ. ಅಂಥವರ ಹೊಲದಾಗ ನಾನು ಹುಳ ಬಿದ್ದು ಸಾಯಲಿ ಅಂತನ ದೀಪ ಹಚ್ಚಿ ಮನೀಗೆ ಹೋದೆ!

ಮುಂಜಾನೆ ಬಂದು ನೋಡಿದ್ರ ಪರಾತದಾಗ ಒಂದೂ ಪತಂಗ ಇಲ್ಲ. ಕಂದೀಲದ ಮ್ಯಾಲೆ ದೊಡ್ಡದೊಂದು ಬುಟ್ಟಿ ಡಬ್ಬು ಹಾಕಿತ್ತು.

"ಇದೇನ್ರಿ ಅಣ್ಣಾ?" ಅಂದೆ, ಅಳೋದೊಂದು ಬಾಕಿ.

"ದೀಪ ಆರಿಸಿಲ್ಲಪಾ. ಸರಕಾರಿ ದೀಪ, ಅದಕ್ಕ ನಾ ಕೈ ಹಚ್ಚತೇನೇನು? ಬುಟ್ಟಿ ಅಷ್ಟ ನಂದು."

ಬೀಗರ ಊರು

ಕಡೀಕ ಕೈ ಮುಗಿದೆ. "ಕೊಲ್ಲಬ್ಯಾಡ್ರಿ, ಕೈಲೆ ಆರಿಸಿ ಹೊರಗರೆ ಹಾಕ್ರಿ." ಇದಕ್ಕ ಗಂಡಾ ಹೆಂಡತಿ ಖುಷಿಲೆ ಒಪ್ಪಿದ್ರು. ಒಂದೊಂದ ಹುಳ ಎತ್ತಿ ಗಡಿಗ್ಯಾಗ ಹಾಕೋರು, ಹಾದಿ ಬುತ್ತಿ ಅಂತ ನಾಕು ಎಲೀನೂ ಹಾಕೋರು. ನಮ್ಮ ಸೀಮಿ ಅಂದ್ರ ತ್ಯಾಪಿ ಹಚ್ಚಿದ ಕೌದಿ ಇದ್ದಂಗ, ಬದು ದಾಟಿದ್ರ ಬ್ಯಾರೆ ಸಂಸ್ಥಾನ. ಅಣ್ಣಾ ಗಡಿಗಿ ಒಯ್ದು ಆ ಕಡೆ ಹೊಲದಾಗ ಬಿಟ್ಟು ಬರತಿದ್ರು.

ಆ ಹೊಲ ಅವರ ಬೀಗರದು. ಅವರೂ ಜೈನರ. ಅವರ ಹೊಲದಾಗೂ ಅಲ್ಲಿಯ ಸಂಸ್ಥಾನದವರು ಸೋಯಾ ಬಿತ್ತಿಸಿದ್ರು. ಬೀಗರು ಹುಳ ಆರಿಸಿ, ಗಡಿಗಿ ತುಂಬಿ, ತಿರುಗಿ ನಮ್ಮ ಹೊಲಕ್ಕ ತಂದು ಬಿಡಾಕತ್ತಿದ್ರು. ಎರಡೂ ದರಬಾರದ ಉಪ್ಪು ಉಂಡು ಹುಳ ಹಂದಿಯಂಗ ದಪ್ಪ ಆದುವು.

"ಅಣ್ಣಾ, ನೀವು ಬಿಟ್ಟ ಹುಳಾನ ತಿರುಗಿ ಬರಾಕತ್ತಾವಲ್ರಿ!" ಅಂತ ಚೀರಿದೆ.

"ಬರದ ಏನು ಮಾಡ್ಯಾವಪಾ," ಅಂದ್ರು ಅಣ್ಣಾ. "ಬೀಗರ ಮನ್ಯಾಗ ಎಷ್ಟಂತ ಇರಾಕಾಗತೈತಿ?"

ಸಾಹೇಬರು ಬಂದ್ರು

ಸಾಹೇಬರು ಬರೋ ದಿನ ಅಣ್ಣಾರ ಕಾಲು ಹಿಡಿದೆ. "ಇವತ್ತೊಂದಿನ ಆರಿಸಿದ ಹುಳ ಗಡಿಗ್ಯಾಗ ಇರಲ್ರಿ. ಸಾಹೇಬರು ಹೋದಮ್ಯಾಲೆ ಬೇಕಾದಲ್ಲಿ ಬಿಡ್ರಿ." ಅಣ್ಣಾ ಹೂಂ ಅಂದ್ರು. ಬೀಗರಿಗೂ ಹೇಳಿ ಕಳಿಸಿದ್ರು. ಹೊಲ ಹಸರಗೆ ಕಾಣಾಕತ್ತಿತು.

ಸಾಹೇಬರು ಸಾಂಗ್ಲಿಯಿಂದ ಟಾಂಗಾದಾಗ ಬಂದ್ರು. ಎಲಿ ತಿರುವಿ ತಿರುವಿ ನೋಡಿದ್ರು. "ಭಲೇ! ಒಂದ ಹುಳ ಇಲ್ಲಲ್ಲೋ. ಎಲ್ಲಿ ಹೋದುವು?"

ನಾನು ಬಾಯಿ ತಗಿಯೋದರೊಳಗ ಅಣ್ಣಾ ಮುಂದ ಬಂದ್ರು. ಸುಳ್ಳು ಹೇಳಿ ಗೊತ್ತಿಲ್ಲದ ಮನಷ್ಯಾ. "ಇಲ್ಲೇ ಅದಾವ್ರಿ ಸಾಹೇಬ್ರ," ಅಂತ ಗಡಿಗಿ ಮ್ಯಾಲಿನ ಅರಿವಿ ತೆಗೆದ್ರು. ಒಳಗ ಹುಳ ಗಿಜಿಗಿಜಿ ಅಂತಿದ್ದುವು.

ಸಾಹೇಬರು ಹಿಂದಕ ಜಿಗಿದ್ರು. "ಶೀ! ಎಣ್ಣಿ ಸುರುವಿ ಸುಡ್ರಿ ಅವನ್ನ!"

ಅಣ್ಣಾ ಗಡಿಗಿ ಎದಿಗೆ ಅವಚಿಕೊಂಡು ಸೀದಾ ಹೊಲದ ನಟ್ಟನಡುವ ಹೋಗಿ, ಸಾಹೇಬರ ಕಣ್ಣೆದುರಿಗೆ, ಬೋರಲ ಹಾಕಿಬಿಟ್ರು. "ಹೋಗ್ರೆಪಾ, ಉಣ್ಣಹೋಗ್ರಿ."

ನನಗ ಹೆಂಡತಿ ನೆನಪಾದ್ಲು, ಹುಟ್ಟೋ ಕೂಸು ನೆನಪಾತು. ಸಾಹೇಬರು ಹುಳ ನೋಡಿದ್ರು, ಅಣ್ಣಾರನ್ನ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲೆ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ಹಿಂದಿದ್ದ ಕಾರಕೂನಗ ಹೇಳಿದ್ರು: "ಈ ಹುಡುಗನ್ನ ಕಾಯಂ ಮಾಡ್ರಿ."

"ಸಾಹೇಬ್ರ," ಅಂದೆ, "ಎಲಿ ಉಳಿಯಂಗಿಲ್ಲಲ್ರಿ?"

"ಅದಕ್ಕ ಅಂದೆ. ಈ ಅಣ್ಣಾರು ಇರೋಮಟ ಹುಳ ಕಾಯಂ. ಹುಳಾನ ಕಾಯಂ ಅಂದಮ್ಯಾಲೆ ನೀ ಹೆಂಗ ಹಂಗಾಮಿ ಇರತಿಯೋ?"