ಹಸಿರು ಉಣ್ಣೆಯ ಪಟ್ಟಿ

ಎಲ್ಲಕ್ಕೂ ಮೂಲ ಒಂದು ಹಸಿರು ಉಣ್ಣೆಯ ಪಟ್ಟಿ. ಎರಡು ಕೊಡೆ, ಒಂದು ಉಂಗುರ ಕಳೆದು, ಒಮ್ಮೆ ಬಸ್ಸಿನಲ್ಲಿ ಸ್ವಂತ ಅತ್ತೆಯನ್ನೇ ಬಿಟ್ಟುಬಂದಿದ್ದ ಫೋಟೋ ಸ್ಟುಡಿಯೋ ಯಜಮಾನರು ಸಮುದ್ರದಲ್ಲಿ ಕ್ಯಾಮೆರಾ ಕಳೆಯದಿರಲೆಂದು ಹೆಂಡತಿ ಅದನ್ನು ವಾರವಿಡೀ ಕೂತು ಹೆಣೆದಿದ್ದರು.

"ಇದೇನೇ, ಬಾಲ ಇದ್ದ ಹಾಗಿದೆ!"

"ಸುಮ್ನೆ ಕ್ಯಾಮೆರಾಗೆ ಕಟ್ಕೊಳ್ಳಿ ರೀ. ನಿಮ್ಮ ಕೈಲಿ ಏನು ಉಳಿದಿದೆ?"

ಎಲ್ಲರ ಕೈಗೂ ಕ್ಯಾಮೆರಾ ಫೋನ್ ಬಂದ ಮೇಲೆ ಸ್ಟುಡಿಯೋ ಮೆಟ್ಟಿಲು ಹತ್ತುತ್ತಿದ್ದವರು ಪಾಸ್‌ಪೋರ್ಟ್ ಫೋಟೋದವರು ಮಾತ್ರ. ಅದು ಸಾಲದೆಂಬಂತೆ ಎದುರಿನ ಮೆಡಿಕಲ್ ಶಾಪಿನವನು ಡೈವಿಂಗ್ ಕ್ಲಬ್ಬಿನ ಫೋಟೋ ಸ್ಪರ್ಧೆಗೆ ಫೋನ್ ಹಿಡಿದು ಹೆಸರು ಕೊಟ್ಟ. ಅಲೆಯಿಲ್ಲದ ಕೊಲ್ಲಿ, ತಳದ ತುಂಬ ಕಡಲಹುಲ್ಲು. ಅದರಲ್ಲಿ ಅಡಗಿರುವ ಬೆರಳುದ್ದದ ಕಡಲಕುದುರೆಯನ್ನು ಫೋಟೋದಲ್ಲಿ ಹಿಡಿದವನೇ ಗೆದ್ದಂತೆ. ಯಜಮಾನರ ಮೈ ಉರಿಯಿತು, ತಾವೂ ಹೆಸರು ಕೊಟ್ಟರು.

"ಫೋನು ನನ್ನ ಕ್ಯಾಮೆರಾನ ಗೆದ್ರೆ ಸ್ಟುಡಿಯೋ ಬೋರ್ಡು ಇಳಿಸ್ತೀನಿ!" ಎಂದು ಇಡೀ ಬೀದಿಗೆ ಕೇಳುವಂತೆ ಸಾರಿಬಿಟ್ಟರು. ಆ ಬೋರ್ಡು ಅವರಪ್ಪ ಕೈಯಾರೆ ಬರೆದದ್ದು. ಹೇಳಿದ ಮೇಲೆ ತಪ್ಪಾಯಿತೆನಿಸಿದರೂ ಮೀಸೆ ಇಳಿಸಲಿಲ್ಲ.

ಡೈವಿಂಗ್ ಕಲಿಸಿದ ಭಾವಮೈದುನನೇ ದೋಣಿಯಲ್ಲಿ ಗೈಡು. "ಭಾವ, ಸೊಂಟಕ್ಕೆ ಇನ್ನೆರಡು ಸೀಸದ ತುಂಡು ಹಾಕ್ಕೊಳ್ಳಿ."

"ನನ್ನ ಹೊಟ್ಟೆ ಭಾರ ಸಾಲ್ದೇನೋ?"

ಸಾಲಲಿಲ್ಲ. ಯಜಮಾನರು ಬೆಂಡಿನಂತೆ ತೇಲಿದರು. ದೋಣಿ ಹತ್ತಿ, ಹಠಕ್ಕೆ ನಾಲ್ಕು ತುಂಡು ಸಿಕ್ಕಿಸಿಕೊಂಡು ಮತ್ತೆ ಹಾರಿದರು. ಅಕ್ಕಿ ಮೂಟೆಯಂತೆ ತಳ ಸೇರಿದರು. ಎದ್ದ ರಾಡಿಯಲ್ಲಿ ಐದು ನಿಮಿಷ ಯಾರಿಗೂ ಯಾರೂ ಕಾಣಲಿಲ್ಲ.

ನೀರು ತಿಳಿಯಾದಾಗ ಎದುರಿಗೇ ಕಂಡಿತು, ಹುಲ್ಲಿನ ಎಸಳಿನಂತೆ ನೆಟ್ಟಗೆ ನಿಂತ ಕೊಳವೆಮೀನು! ಕಡಲಕುದುರೆಯ ದಾಯಾದಿ, ಸಿಕ್ಕರೆ ಅದೂ ಕಮ್ಮಿಯೇನಲ್ಲ. ಮೂವತ್ತು ವರ್ಷ ಗಿರಾಕಿಗಳಿಗೆ "ಅಲ್ಲಾಡಬೇಡಿ, ಕಣ್ಣು ಮುಚ್ಚಬೇಡಿ" ಎಂದು ಗದರಿದ ಮನುಷ್ಯ ತಾನೇ ಅಲ್ಲಾಡದೆ ಕೂತು, ನೀರು ಹೋಗದ ಪೆಟ್ಟಿಗೆಯೊಳಗಿನ ಕ್ಯಾಮೆರಾ ಕ್ಲಿಕ್ಕಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಎಲ್ಲರೂ ಅವರ ಸುತ್ತ ನೆರೆದರು. ಮೆಡಿಕಲ್ ಶಾಪಿನವನು ಪ್ಲಾಸ್ಟಿಕ್ ಚೀಲದೊಳಗಿನ ಫೋನನ್ನು ಅವರತ್ತಲೇ ಹಿಡಿದಿದ್ದ. ಭಾವಮೈದುನ ಭುಜ ತಟ್ಟಿ ತಟ್ಟಿ ಕೆಳಗೇನೋ ತೋರಿಸಿದ. ನನ್ನ ಕೈಚಳಕ ನೋಡಿ ಕಲಿಯಲಿ ಎಂದುಕೊಂಡು ಯಜಮಾನರು ಅವನನ್ನು ಅತ್ತ ತಳ್ಳಿದರು.

ಸಂಜೆ ಕ್ಲಬ್ಬಿನ ಹಾಲಿನಲ್ಲಿ ಅವರ ನಲವತ್ತು ಫೋಟೋಗಳು ಪರದೆಯ ಮೇಲೆ ಬಂದವು. ತೀರ್ಪುಗಾರ್ತಿ ಅಜ್ಜಿ ಕನ್ನಡಕ ಸರಿಮಾಡಿಕೊಂಡರು. "ಬೆಳಕು ಬಹಳ ಚೆನ್ನಾಗಿದೆ. ಮೀನೆಲ್ಲಿ?"

"ಅದೇ ಮೀನು, ಮೇಡಂ!"

"ಅದು ಹುಲ್ಲು. ನಲವತ್ತರಲ್ಲೂ ಅದೇ ಹುಲ್ಲು."

ಆಮೇಲೆ ಫೋನಿನ ಫೋಟೋ ಬಂತು. ಹಾಲ್ ತುಂಬ ಚಪ್ಪಾಳೆ. ಬೆರಳುದ್ದದ ಕಡಲಕುದುರೆಯೊಂದು ಹಸಿರು ಉಣ್ಣೆಯ ಪಟ್ಟಿಗೆ ಬಾಲ ಸುತ್ತಿ ಜೋಕಾಲಿ ಆಡುತ್ತಿದೆ. ಹಿಂದೆ ಕ್ಯಾಮೆರಾ ಹಿಡಿದ ಯಜಮಾನರು. ಎರಡೂ ಕಣ್ಣು ಮುಚ್ಚಿವೆ.

"ಅಲ್ಲಿ ಅಲ್ಲಾಡದೆ ಇದ್ದಿದ್ದು ನೀವೊಬ್ಬರೇ ಸಾರ್," ಎಂದ ಮೆಡಿಕಲ್ ಶಾಪಿನವನು. "ಪಾಪ, ಹುಲ್ಲು ಅಂದ್ಕೊಂಡು ಬಂದು ಹಿಡ್ಕೊಂಡಿತು."

ಯಜಮಾನರು ನೇರ ತಮ್ಮ ಬೀದಿಗೆ ಬಂದರು, ಹೆಂಡತಿಗೆ ಏಣಿ ಹಿಡಿಯಲು ಹೇಳಿ ಹತ್ತಿದರು. ಅಪ್ಪನ ಅಕ್ಷರಗಳ ಮೇಲೆ ಕೈಯಿಟ್ಟಾಗ ಕಣ್ಣು ತುಂಬಿಬಂತು. ಅಷ್ಟರಲ್ಲಿ ಮೆಡಿಕಲ್ ಶಾಪಿನವನು ಓಡಿಬಂದ.

"ಇಳೀರಿ ಸಾರ್! ಗೆದ್ದ ಫೋಟೋನ ಕ್ಲಬ್ಬಿಗೆ ಆಳೆತ್ತರಕ್ಕೆ ಪ್ರಿಂಟ್ ಹಾಕಿ ಕೊಡ್ಬೇಕಂತೆ. ನೀವು ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ?"

ಯಜಮಾನರಿಗೆ ಹೋದ ಜೀವ ಬಂದಂತಾಯಿತು.

"ಬೋರ್ಡು ಇರ್ಲಿ," ಎಂದ ಗೆದ್ದವನು. "ಆದ್ರೆ ಅದರ ಕೆಳಗೆ, ನಿಮ್ಮ ಗಾಜಿನ ಕಿಟಕೀಲೂ ಒಂದು ಪ್ರಿಂಟ್ ಇರ್ಬೇಕು. ಅದೊಂದೇ ನನ್ನ ಷರತ್ತು."

"ಒಪ್ಕೊಳ್ಳಿ ರೀ," ಎಂದರು ಏಣಿ ಹಿಡಿದಿದ್ದ ಹೆಂಡತಿ. "ಪಟ್ಟಿ ಎಷ್ಟು ಚೆನ್ನಾಗಿ ಬಂದಿದೆಯಂತೆ!"

ಬೋರ್ಡು ಉಳಿಯಿತು. ಯಜಮಾನರು ಮಾತ್ರ ಈಗ ಯಾವ ಗಿರಾಕಿಗೂ "ಕಣ್ಣು ಮುಚ್ಚಬೇಡಿ" ಎನ್ನುವುದಿಲ್ಲ.